ಓದಿನ ಸೀರೆ

ನಮ್ಮ ಮನೆಯ ಹೆಂಗಸರು ಉಡುವುದೆಲ್ಲ ಡ್ಯಾಮೇಜ್ ಸೀರೆಗಳನ್ನೇ. ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟುಕೊಂಡ ಯಾರ ಮನೆಗೆ ಹೋದರೂ ಹೆಚ್ಚುಕಮ್ಮಿ ಇದೇ ಕಥೆ. ಚೆನ್ನಾಗಿ ಬಂದ ಸೀರೆ ಅಂಗಡಿಗೆ ಹೋಗುತ್ತದೆ, ಕೆಟ್ಟದ್ದು ಬೀರುವಿಗೆ ಬರುತ್ತದೆ. ಮೈಮೇಲಿನ ಸೀರೆಯಲ್ಲಿ ತಪ್ಪು ಎಲ್ಲಿದೆ, ಅದು ಹೇಗಾಯಿತು ಅನ್ನುವುದು ಮನೆಮಂದಿಗೆಲ್ಲ ಬಾಯಿಪಾಠ. ಅತ್ತೆಯ ಹಸಿರು ಸೀರೆಯಲ್ಲಿರುವ ಅಡ್ಡಪಟ್ಟೆ ಕರೆಂಟು ಹೋಗಿ ಬಂದಾಗ ಬಿದ್ದದ್ದು. ನೇರಳೆ ಸೀರೆಯ ಸೆರಗಿಗೆ ಎಣ್ಣೆ ಕಲೆಯಾದದ್ದು ನನ್ನ ಗಂಡ ಮಗ್ಗದ ಮುಂದೆ ನಿಂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದಾಗ. ಅವಕ್ಕೆ ಹೆಸರೂ ಇವೆ: ಕರೆಂಟಿನ ಸೀರೆ, ಕ್ರಿಕೆಟ್ ಸೀರೆ. ನನ್ನದೂ ಒಂದಿದೆ. ಅದನ್ನು ಓದಿನ ಸೀರೆ ಅನ್ನುತ್ತಾರೆ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ಮದುವೆಯಾದಾಗ ನನ್ನ ಬಿ.ಎ. ಅರ್ಧಕ್ಕೆ ನಿಂತಿತ್ತು. ಮಕ್ಕಳಿಬ್ಬರೂ ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ದೂರಶಿಕ್ಷಣದಲ್ಲಿ ಮೊದಲಿನಿಂದ ಸೇರಿದೆ. ಉಳಿದದ್ದೆಲ್ಲ ಹೇಗೋ ದಾಟಿತು, ಅರ್ಥಶಾಸ್ತ್ರ ಒಂದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಬರೆದಾಗಲೆಲ್ಲ ಹೋಯಿತು. ಕೊನೆಗೆ ನೋಂದಣಿಯ ಅವಧಿಯೇ ಮುಗಿಯುತ್ತ ಬಂತು. ಈ ಸಲವೂ ಹೋದರೆ ಪಾಸಾದ ವಿಷಯಗಳೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಸೇರಬೇಕು ಎಂದು ಅಲ್ಲಿಯ ಆಫೀಸಿನವರು ಹೇಳಿಬಿಟ್ಟರು. ಅಷ್ಟು ವರ್ಷ ಒಲೆಗೂ ಮಗ್ಗಕ್ಕೂ ನಡುವೆ ಕದ್ದು ಕದ್ದು ಓದಿದ್ದೆಲ್ಲ ನೀರಿಗೆ ಹೋಗುವುದರಲ್ಲಿತ್ತು.

ಮಗ್ಗದ ಮನೆಯಲ್ಲಿ ಓದುವುದು ಅಂದರೆ ಎಲ್ಲರೂ ಮೊದಲು ಸದ್ದಿನ ಬಗ್ಗೆ ಮರುಗುತ್ತಾರೆ. ಸದ್ದು ನನಗೆ ಯಾವತ್ತೂ ತೊಂದರೆಯಾಗಿಲ್ಲ. ನನ್ನ ತವರು ಇಲ್ಲೇ ಹತ್ತಿರದ ವಿಜಯಪುರದಲ್ಲಿ ರೇಷ್ಮೆಗೆ ಹುರಿ ಹಾಕುವ ಮನೆ, ನಾನು ಹುಟ್ಟಿದ್ದೇ ಮಿಷನ್ನಿನ ಸದ್ದಿನಲ್ಲಿ. ತೊಂದರೆ ಇರುವುದು ಕಣ್ಣಿನದು. ಅಡ್ಡ ಓಡುವ ನೂಲು ಮುಗಿದರೆ ಮಗ್ಗ ತಾನೇ ನಿಲ್ಲುತ್ತದೆ. ಉದ್ದಕ್ಕೆ ಹಾಸಿರುವ ಎಳೆಗಳಲ್ಲಿ ಒಂದು ಕಡಿದರೆ ನಮ್ಮ ಹಳೇ ಮಗ್ಗಗಳು ನಿಲ್ಲುವುದಿಲ್ಲ, ತಮ್ಮ ಪಾಡಿಗೆ ಬಡಿಯುತ್ತಲೇ ಇರುತ್ತವೆ. ನಾವೇ ನೋಡಬೇಕು, ನಿಲ್ಲಿಸಬೇಕು, ಗಂಟು ಹಾಕಬೇಕು. ಇಲ್ಲದಿದ್ದರೆ ಆ ಎಳೆಯ ಜಾಗದಲ್ಲಿ ಸೀರೆಯುದ್ದಕ್ಕೂ ಒಂದು ಗೆರೆ ಬೀಳುತ್ತದೆ. ಅತ್ತೆಯ ಪಾಲಿಗೆ ಎರಡು ಮಗ್ಗ, ನನ್ನ ಪಾಲಿಗೆ ಎರಡು. ಹಾಗಾಗಿ ನಾನು ಸ್ಟೂಲಿನ ಮೇಲೆ ಕೂತು ಒಂದು ಸಾಲು ಓದುವುದು, ತಲೆ ಎತ್ತಿ ಬಟ್ಟೆ ನೋಡುವುದು, ಮತ್ತೆ ಒಂದು ಸಾಲು ಓದುವುದು. ಬೇಡಿಕೆ ಹೆಚ್ಚಾದರೆ ಬೆಲೆ, ತಲೆ ಎತ್ತು. ಬೆಲೆ ಏನಾಗುತ್ತದೆ ಅನ್ನುವಷ್ಟರಲ್ಲಿ ಬೇಡಿಕೆ ಮರೆತುಹೋಗಿರುತ್ತಿತ್ತು. ಪುಸ್ತಕದ ಅದೇ ಪುಟಕ್ಕೆ ನನ್ನ ಬೆರಳಿನ ಎಣ್ಣೆ ಅಂಟಿ ಅಂಟಿ ಅಕ್ಷರ ಆಚೆ ಬದಿಗೆ ಕಾಣುವಂತಾಗಿತ್ತು.

ಓದಿನಲ್ಲಿ ಗಮನ ಇಡುವುದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕಿದೆ. ಬಿಳಿ ಗೋಡೆಯ ಮುಂದೆ ಕೂತ ಒಬ್ಬ ಹುಡುಗ ನಗುನಗುತ್ತಾ ಹೇಳಿಕೊಟ್ಟ. ರೂಮಿನ ಬಾಗಿಲು ಹಾಕಿಕೊಳ್ಳಿ, ಮೊಬೈಲನ್ನು ಬೇರೆ ರೂಮಿನಲ್ಲಿಡಿ, ಮನೆಯವರಿಗೆ ಮೊದಲೇ ತಿಳಿಸಿ, ಮನಸ್ಸನ್ನು ಶಾಂತವಾಗಿಡಿ. ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಬಚ್ಚಲಿಗೆ ಮಾತ್ರ ಇರುವುದು. ಮನೆಯವರಿಗೆ ತಿಳಿಸಿಯೂ ಆಗಿತ್ತು. ನನ್ನ ಗಂಡ ಒಳ್ಳೆಯವರೇ, "ಓದ್ಕೋ, ನಂದೇನಿಲ್ಲ" ಅನ್ನುತ್ತಿದ್ದರು. ಅನ್ನುತ್ತಲೇ, "ನನ್ನ ನೀಲಿ ಷರ್ಟ್ ಎಲ್ಲಿಟ್ಟಿದೀಯ?" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆಯನ್ನು ಒಪ್ಪಿಸಿ ಲೈಬ್ರರಿಗೂ ಹೋದೆ. ನ್ಯೂಸ್ ಪೇಪರ್ ಓದುವ ನಾಲ್ಕಾರು ಗಂಡಸರು ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿದರು. ಆಮೇಲೆ ಒಂದು ಸದ್ದಿಲ್ಲ. ಒಂದು ಸಾಲು ಓದಿದೆ, ತಲೆ ಎತ್ತಿದೆ. ಎದುರಿಗೆ ಗೋಡೆ. ಮತ್ತೊಂದು ಸಾಲು ಓದಿದೆ, ಮತ್ತೆ ತಲೆ ಎತ್ತಿದೆ. ಕತ್ತು ತನ್ನ ಅಭ್ಯಾಸ ಬಿಡಲಿಲ್ಲ. ಎದುರಿಗಿದ್ದ ಹಿರಿಯರೊಬ್ಬರು, "ಏನಮ್ಮಾ, ಯಾರಾದ್ರೂ ಬರ್ಬೇಕಾ?" ಅಂತ ಕೇಳಿದರು. ನಾಚಿಕೆಯಾಗಿ ಎದ್ದು ಬಂದೆ. ಮನೆಯಿಂದ ತಪ್ಪಿಸಿಕೊಂಡರೂ ಮನೆ ನನ್ನ ಕತ್ತಿನೊಳಗೇ ಕೂತಿತ್ತು.

ಇದರ ಮೇಲೆ ನಮ್ಮಮ್ಮನ ಫೋನು. ವಿಜಯಪುರದಲ್ಲಿ ಅಮ್ಮನಿಗೂ ಅಣ್ಣನ ಹೆಂಡತಿಗೂ ಆಗಿಬರುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಂತೆ ಜಗಳವೂ ಬೆಳೆಯಿತು. ಅಮ್ಮ ದಿನಾ ಫೋನು ಮಾಡಿ, "ನಿನಗೆ ಓದೋದಿದೆ, ನಾನ್ ಇಡ್ತೀನಿ" ಅಂತ ಶುರುಮಾಡುತ್ತಿದ್ದಳು. ಇಡುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದದ್ದರಿಂದ ಹಿಡಿದು ನನ್ನ ಅಪ್ಪ ತೀರಿಕೊಂಡಾಗ ಯಾರು ಎಷ್ಟು ಅತ್ತರು ಅನ್ನುವವರೆಗೆ ಹೋಗುತ್ತಿತ್ತು. ಫೋನು ಇಟ್ಟ ಮೇಲೆ ಪುಸ್ತಕ ತೆರೆದರೆ ಸಾಲಿನ ಮಧ್ಯೆ ಅಮ್ಮನ ದನಿಯೇ ಕೇಳುತ್ತಿತ್ತು. ಸದ್ದನ್ನಾದರೂ ಸಹಿಸಬಹುದು, ಹೆತ್ತವಳ ಅಳುವನ್ನು ಎಲ್ಲಿಗೆ ಸರಿಸಿ ಇಡುವುದು?

ಅತ್ತೆಯೂ ಆಗ ನನ್ನ ಜೊತೆ ಮಾತು ಬಿಟ್ಟಿದ್ದರು. ಅವರ ತಮ್ಮನ ಸೊಸೆಯ ಸೀಮಂತಕ್ಕೆ ನಾನು ಬರುವುದಿಲ್ಲ, ಓದಬೇಕು ಅಂದಿದ್ದೆ. "ಇವಳೊಬ್ಳೇ ಓದಿರೋದು ಲೋಕದಲ್ಲಿ" ಅಂತ ಗೋಡೆಗೆ ಹೇಳಿ ಹೋಗಿದ್ದರು. ಅಲ್ಲಿಂದಾಚೆ ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೇ ಹೇಳುತ್ತಿದ್ದರು.

ಪರೀಕ್ಷೆಗೆ ಕೆಲವೇ ವಾರಗಳಿದ್ದಾಗ ಒಂದು ಬೆಳಗ್ಗೆ ಅಮ್ಮ ಫೋನು ಮಾಡಿದಳು. ಅಣ್ಣ ಬೇರೆ ಒಲೆ ಹೂಡಿದ್ದ, ಒಂದೇ ಮನೆಯೊಳಗೆ ಎರಡು ಅಡಿಗೆ. "ನೀನ್ ಬಂದು ಒಂದ್ಮಾತು ಹೇಳಮ್ಮ, ನಿನ್ ಮಾತಾದ್ರೆ ಕೇಳ್ತಾನೆ" ಅಂತ ಅತ್ತಳು. ಪರೀಕ್ಷೆ ಮುಗಿಯಲಿ ಅಮ್ಮ, ಬರುತ್ತೇನೆ ಅಂದೆ. "ಆಯ್ತು, ನಾನ್ ಸತ್ರೂ ಪರೀಕ್ಷೆ ಮುಗಿಸ್ಕೊಂಡೇ ಬಾ" ಅಂದಳು. ಫೋನು ಕಟ್ಟಾಯಿತು. ಅದೇ ಹೊತ್ತಿಗೆ ಅತ್ತೆ ಗೋಡೆಯ ಕಡೆ ತಿರುಗಿ, "ತವರಿನ ಪಂಚಾಯ್ತಿಗೆ ಟೈಮಿರುತ್ತೆ, ನಮ್ಮನೇ ಸೀಮಂತಕ್ಕಿರಲ್ಲ" ಅಂದು ಕಾಯಿಪಲ್ಯ ತರಲು ಹೊರಟರು. ಹೋಗುವಾಗ ತಮ್ಮ ಎರಡು ಮಗ್ಗ ನಿಲ್ಲಿಸಿ ಹೋದರು, ನನ್ನವೆರಡು ಓಡುತ್ತಿದ್ದವು.

ಆ ಹೊತ್ತು ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ನನಗೇ ಗೊತ್ತಾಗಲಿಲ್ಲ. ಮೊಬೈಲನ್ನು ತಗೊಂಡು ಹೋಗಿ ಅಕ್ಕಿ ಡಬ್ಬದೊಳಗೆ ಹೂತಿಟ್ಟೆ. ಸ್ಟೂಲಿನ ಮೇಲೆ ಕೂತು ಪುಸ್ತಕವನ್ನು ಹಲ್ಲು ಕಚ್ಚಿ ತೆರೆದೆ. ಪೈಪೋಟಿಯೇ ಇಲ್ಲದೆ ಒಬ್ಬನೇ ಮಾರುವವನಿರುವ ಮಾರುಕಟ್ಟೆಯ ಪಾಠ, ಏಕಸ್ವಾಮ್ಯ. ಅದರಲ್ಲಿ ಬೆಲೆಯ ಗೆರೆ ಯಾಕೆ ಕೆಳಕ್ಕೆ ಬಾಗುತ್ತದೆ ಅನ್ನುವುದು ನನಗೆ ಎಂದೂ ತಲೆಗೆ ಹೋಗಿರಲಿಲ್ಲ. ಆವತ್ತು ಹೋಯಿತು. ಒಂದು ವಾಕ್ಯ ಮುಂದಿನ ವಾಕ್ಯವನ್ನು ತಾನೇ ಕರೆದುಕೊಂಡು ಬಂತು. ಚಿತ್ರವನ್ನು ಮುಚ್ಚಿ ನಾನೇ ಬರೆದೆ, ಸರಿಬಂತು. ಅಮ್ಮ ಇರಲಿಲ್ಲ, ಅತ್ತೆ ಇರಲಿಲ್ಲ, ಮಗ್ಗವೂ ಇರಲಿಲ್ಲ. ಬದುಕಿನಲ್ಲಿ ಅಷ್ಟು ಸುಖವಾಗಿ ನಾನು ಯಾವತ್ತೂ ಓದಿಲ್ಲ, ಅದನ್ನು ಹೇಳಲು ನನಗೇನೂ ಸಂಕೋಚವಿಲ್ಲ.

ಪಾಠ ಮುಗಿಸಿ ತಲೆ ಎತ್ತಿದಾಗ ಗುಲಾಬಿ ಸೀರೆಯ ನಡುವೆ ಕೂದಲಿನಂಥ ಒಂದು ಗೆರೆ ಕಂಡಿತು. ಅದು ಎಲ್ಲಿ ಶುರುವಾಗಿತ್ತೋ ಆ ಭಾಗ ಆಗಲೇ ನೇಯ್ದ ಬಟ್ಟೆ ಸುತ್ತುವ ಕೆಳಗಿನ ದಿಂಡಿಗೆ ಸುತ್ತಿಕೊಂಡು ಹೋಗಿತ್ತು. ಮಗ್ಗ ನಿಲ್ಲಿಸಿ ಗಂಟು ಹಾಕಿದೆ.

ಸೀರೆಯನ್ನು ಮಗ್ಗದಿಂದ ಕೊಯ್ದ ದಿನ ಅತ್ತೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಗೆರೆ ಶುರುವಾದ ಕಡೆ ಬೆರಳಿಟ್ಟು, ಬಟ್ಟೆಯನ್ನು ಸರಿಸುತ್ತಾ ಸರಿಸುತ್ತಾ ಅದು ಮುಗಿಯುವವರೆಗೂ ಬಂದರು. ತುಂಬ ಹೊತ್ತು ಹಿಡಿಯಿತು. ಗೋಡೆಯನ್ನು ಬಿಟ್ಟು ಅವರು ನನ್ನ ಜೊತೆ ಮಾತಾಡಿದ್ದು ಆಗಲೇ.

"ಇಲ್ಲಿಂದ ಇಲ್ಲೀಗಂಟ ಎಲ್ಲೋಗಿದ್ದೆ?"

"ಎಲ್ಲೂ ಹೋಗಿಲ್ಲ ಅತ್ತೆ. ಅಲ್ಲೇ ಕೂತಿದ್ದೆ."

"ಕೂತಿದ್ದು ಗೊತ್ತು. ಎಲ್ಲಿದ್ದೆ ಅಂತ ಕೇಳಿದ್ದು."

ಓದುತ್ತಿದ್ದೆ ಅಂದೆ. ಅವರು ಬೈಯಲಿಲ್ಲ. ಸೀರೆಯನ್ನು ಮಡಿಸಿ ನನ್ನ ಕೈಗಿಟ್ಟು, "ಉಟ್ಕೋ, ಓದಿನ ಸೀರೆ" ಅಂದರು. ಪಕ್ಕದಲ್ಲಿದ್ದ ನನ್ನ ಗಂಡ ನಕ್ಕರು, ಮಕ್ಕಳೂ ನಕ್ಕವು. ನಾನು ಬೀರು ತೆಗೆದು ಅದನ್ನು ಒಳಕ್ಕೆ ಎಸೆದೆ. ಕರೆಂಟು ಹೋದರೆ ಕ್ಷಮೆ ಇದೆ, ಕ್ರಿಕೆಟ್ ನೋಡಿದರೂ ಕ್ಷಮೆ ಇದೆ. ಮನೆಯಲ್ಲಿ ಎಷ್ಟೋ ಸೀರೆ ಎಷ್ಟೋ ಕಾರಣಕ್ಕೆ ಹಾಳಾಗಿದ್ದವು, ಯಾರನ್ನೂ ಎಲ್ಲಿದ್ದೆ ಅಂತ ಕೇಳಿರಲಿಲ್ಲ.

ಮಾರನೇ ದಿನ ಸ್ಟೂಲಿನ ಮೇಲೆ ನನ್ನ ಪುಸ್ತಕ ಇರಲಿಲ್ಲ. ದೇವರ ಮನೆಯ ಮೇಲಿನ ಅಟ್ಟದಲ್ಲಿತ್ತು. ಯಾರು ಇಟ್ಟರು ಅಂತ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅಲ್ಲಿಂದ ಪರೀಕ್ಷೆಯವರೆಗೆ ಮಗ್ಗದ ಹತ್ತಿರ ನಾನು ಪುಸ್ತಕ ಮುಟ್ಟಲಿಲ್ಲ. ಬೆಳಗಿನ ಜಾವ ಒಲೆಯ ಮುಂದೆ, ಸಂಜೆ ಮಕ್ಕಳ ಹೋಂವರ್ಕ್ ಪಕ್ಕದಲ್ಲಿ, ಎಲ್ಲವೂ ತುಂಡು ತುಂಡು. ಮುಂದಿನ ಪಾಠಗಳಲ್ಲಿ ಒಂದೂ ಆವತ್ತಿನಂತೆ ನನ್ನನ್ನು ಒಳಕ್ಕೆ ಕರೆದುಕೊಳ್ಳಲಿಲ್ಲ.

ಪರೀಕ್ಷೆಗೆ ಹೊರಡುವಾಗ ಹಟಕ್ಕೆ ಬಿದ್ದು ಆ ಗುಲಾಬಿ ಸೀರೆಯನ್ನೇ ಉಟ್ಟೆ. ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ತೆಗೆದರೆ ಏಕಸ್ವಾಮ್ಯದ ಪ್ರಶ್ನೆ ಇತ್ತು. ಅದಕ್ಕೆ ತಲೆ ಎತ್ತದೆ ಬರೆದೆ, ಚಿತ್ರ ಸಮೇತ. ಉಳಿದವುಗಳಲ್ಲಿ ಒಂದೊಂದು ಸಾಲು ಬಂತು, ಮುಂದಿನ ಸಾಲು ಬರಲಿಲ್ಲ. ತೊಡೆಯ ಮೇಲಿದ್ದ ಗೆರೆಯನ್ನು ಬೆರಳಿನಲ್ಲಿ ಸವರುತ್ತಾ ಬೆಲ್ಲು ಹೊಡೆಯುವವರೆಗೂ ಕೂತಿದ್ದೆ.

ರಿಸಲ್ಟ್ ಬಂದಾಗ ಫೇಲಾಗಿತ್ತು. ಮೊಬೈಲಿನಲ್ಲಿ ನೋಡಿ, ಹೋಯಿತು ಅಂತಷ್ಟೇ ಹೇಳಿದೆ. ಗಂಡ, "ಬಿಡು, ಏನಾಗ್ಬೇಕಿತ್ತು ಅದರಿಂದ" ಅಂದರು. ಸಮಾಧಾನಕ್ಕೇ ಅಂದದ್ದು, ಆದರೂ ಆ ಮಾತಿಗೆ ನಾನು ಇನ್ನೂ ಅವರನ್ನು ಕ್ಷಮಿಸಿಲ್ಲ. ಅಮ್ಮನೂ ಫೋನು ಮಾಡಿದಳು. ಒಲೆಗಳು ಆಗಲೇ ಮತ್ತೆ ಒಂದಾಗಿದ್ದವು, ನಾನು ಹೋಗಿ ಹೇಳಬೇಕಾದ ಆ ಒಂದು ಮಾತು ಯಾರಿಗೂ ಬೇಕಾಗಿರಲಿಲ್ಲ.

ಅತ್ತೆ ಮಾತ್ರ ತಮ್ಮ ಮಗ್ಗ ನಿಲ್ಲಿಸಿ ಬಂದು ನನ್ನ ಎದುರಿಗೆ ನಿಂತರು.

"ಒಂದೂ ಬರೀಲಿಲ್ವಾ?"

"ಸೀರೆ ಹಾಳಾದಾಗ ಓದಿದ್ನಲ್ಲ, ಅದೊಂದು ಪೂರ್ತಿ ಬರೆದೆ. ಉಳಿದಿದ್ದು ಬರಲಿಲ್ಲ."

ಅವರು ನಿಜವಾದ ಸಿಟ್ಟಿನಲ್ಲಿ ಹೇಳಿದರು: "ಹಂಗಿದ್ರೆ ಇನ್ನೆರಡು ಸೀರೆ ಹಾಳ್ಮಾಡೋಕೆ ನಿನಗೇನಾಗಿತ್ತು?"

ಇದನ್ನು ಸೀರೆ ಕೊಯ್ದ ದಿನವೇ ಅಂದಿದ್ದರೆ ಅಂತ ಕೂಗಬೇಕು ಅನ್ನಿಸಿತು. ಅಷ್ಟರಲ್ಲಿ ನನ್ನ ಮಗ್ಗದಲ್ಲಿ ಒಂದು ಎಳೆ ಕಡಿಯಿತು. ಇಬ್ಬರ ಕಣ್ಣಿಗೂ ಅದು ಒಟ್ಟಿಗೇ ಬಿತ್ತು, ಗಂಟು ಹಾಕಲು ನಾನೇ ಎದ್ದುಹೋದೆ.