ಲೈನು ತೆಗೆದರೆ ಏನು ಕೆಡುತ್ತೆ?

ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆ ಮೆಟಫರ್, ಸಿಂಬಲ್, ಐರನಿ ಮುಂತಾದ ಪದಗಳನ್ನು ಉರು ಹೊಡೆದರೆ ಸಾಕೆಂದು ಸ್ಯಾನ್ ರಮೋನ್ ಎಂಬ ಅಮೆರಿಕನ್ ಊರಿನ ನಮ್ಮ ಕನ್ನಡದ ಅಪ್ಪ ಅಮ್ಮಂದಿರೆಲ್ಲ ನಂಬಿದ್ದರು. ಅವರ ಮಕ್ಕಳಿಗೆ ಪಾಠ ಹೇಳುತ್ತಿದ್ದ ನಾನು, ನಂಬದಿದ್ದರೂ, ಉರು ಹೊಡೆಸುತ್ತಿದ್ದೆ.

ಹೈಸ್ಕೂಲಿನ ಅನನ್ಯಾಗೆ ಪದಗಳೆಲ್ಲ ಬರುತ್ತಿದ್ದವು, ಗದ್ಯ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಶುಕ್ರವಾರದ ಟೆಸ್ಟಿನಲ್ಲಿ ಮತ್ತೆ ಫೇಲಾದರೆ ಇಂಗ್ಲಿಷ್ ಕ್ಲಾಸಿನಿಂದಲೇ ತೆಗೆಯುತ್ತೇವೆಂದು ಶಾಲೆಯವರು ಹೇಳಿದ್ದರು. ನಾನು ಕೊಟ್ಟ ಗದ್ಯದಲ್ಲಿ ಒಬ್ಬ ಹೆಂಗಸು ಎಂದಿನಂತೆ ಗಂಡನಿಗೂ ಸೇರಿಸಿ ಎರಡು ಕಪ್ ಕಾಫಿ ಮಾಡಿ, ಅವನದನ್ನು ಸಿಂಕಿಗೆ ಸುರಿಯುತ್ತಾಳೆ. ಅನನ್ಯಾ ಆ ಲೈನಿನ ಪಕ್ಕದಲ್ಲಿ ‘ಸಿಂಬಲ್’ ಎಂದು ಬರೆದು ಪೆನ್ನು ಕೆಳಗಿಟ್ಟಳು.

ಅವಳನ್ನು ಕರೆದೊಯ್ಯಲು ಬಂದಿದ್ದ ಅಪ್ಪ ಇಣುಕಿ ನೋಡಿದರು. ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಂ ತಿದ್ದುವುದು ಅವರ ಕೆಲಸ.

“ಆ ಲೈನು ಡಿಲೀಟ್ ಮಾಡಿದ್ರೆ ಏನು ಕೆಡುತ್ತೆ, ಪುಟ್ಟಿ?”

“ಸಾರ್, ಇದು ಸಾಫ್ಟ್‌ವೇರ್ ಅಲ್ಲ,” ಎಂದೆ.

ಅನನ್ಯಾ ಆ ಲೈನನ್ನು ಬೆರಳಿನಿಂದ ಮುಚ್ಚಿ ಮತ್ತೆ ಓದಿದಳು. “ಪಪ್ಪಾ, ಹೀ ಈಸ್ ಡೆಡ್! ಗಂಡ ಸತ್ತಿದ್ದಾನೆ. ಈ ಲೈನು ಬಿಟ್ರೆ ಬೇರೆಲ್ಲೂ ಹೇಳೇ ಇಲ್ಲ!”

“ಹಾಗಾದ್ರೆ ಇರ್ಲಿ ಬಿಡು ಲೈನು,” ಎಂದರು ಅಪ್ಪ.

ಶುಕ್ರವಾರ ಅವಳು ಆ ಪದಗಳಲ್ಲಿ ಒಂದನ್ನೂ ಬರೆಯದೆ ಪಾಸಾದಳು.