ಲಗಮಪ್ಪ ಮೊದಲು ಮುಟ್ಟಿದ ಹಳದಿ ಕಾರು

ಸಿರಸಂಗಿಯ ಕಾಡಪ್ಪ ಇಟಲಿಯ ಕಾರು ಕೊಳ್ಳುತ್ತಾನಂತೆ ಎಂಬ ಸುದ್ದಿ ಇತ್ತ ಸವದತ್ತಿ, ಅತ್ತ ರಾಮದುರ್ಗದ ಅಡತಿ ಅಂಗಡಿಗಳವರೆಗೆ ಹೋಗುವುದಕ್ಕೆ ಒಂದು ಸಂತೆ ಸಾಕಾಯಿತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? "ಗಾಳಿಯಿಂದ ಬಂದ ರೊಕ್ಕ ಗಾಳಿಗೇ ಹೋಗತೈತಿ ಬಿಡ್ರಿ" ಅಂದರು. ಆ ಮಾತಿನಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ಸವದತ್ತಿ ಗುಡ್ಡದ ಮೇಲೆ ಕಾಡಪ್ಪನಿಗೆ ಒಂದಿಷ್ಟು ಕಲ್ಲುಭೂಮಿ ಇತ್ತು. ಅಪ್ಪನ ಕಾಲದಿಂದಲೂ ಅಲ್ಲಿ ಬೆಳೆದದ್ದು ಕಳ್ಳಿ ಒಂದೇ. ಅದರ ಮೇಲೆ ಕರೆಂಟಿನ ಗಾಳಿ ಫ್ಯಾನುಗಳು ಬಂದು ನಿಂತವು. ಕಂಪನಿ ಆ ಭೂಮಿಗೆ ಕೊಟ್ಟ ಹಣದಿಂದ ಕಬ್ಬು ಕಟಾವು ಮಾಡುವ ಯಂತ್ರ ಬಂತು, ಆ ಯಂತ್ರ ದುಡಿದು ಇನ್ನೆರಡು ಯಂತ್ರ ತಂದಿತು. ದೇವರು ಕೊಟ್ಟ ಕಾಲಕ್ಕೆ ಮನುಷ್ಯ ಕೈ ಚಾಚಿದ, ಅಷ್ಟೇ.

ಹೆಂಡತಿ ರಾಜೇಶ್ವರಿ ಮಾತ್ರ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನೇರವಾಗಿಯೇ ಕೇಳಿದಳು.

"ಅಲ್ರೀ, ನಿಮಗ ಅರವತ್ತು ಸಮೀಪ ಬಂತು. ಈ ವಯಸ್ಸಿನಾಗ ಮಂದಿ ಕಾಶಿಗೆ ಹೋಗತಾರ. ನಿಮಗ ಯಾಕ ಈ ಹುಚ್ಚು?"

"ಹುಚ್ಚು ನಂದಲ್ಲ. ಲಗಮಣ್ಣಂದು" ಅಂದ ಕಾಡಪ್ಪ.

ರಾಜೇಶ್ವರಿಗೆ ಅಷ್ಟು ಸಾಕಾಯಿತು. ಮುಂದೆ ಅವಳು ಬೇಡವೆನ್ನಲಿಲ್ಲ.

ಈ ಲಗಮಪ್ಪ ಯಾರೆಂದು ಹೇಳದಿದ್ದರೆ ಕಥೆಯ ಕಾಲು ಮುರಿದಂತೆ. ಕಾಡಪ್ಪನ ಹೊಲಕ್ಕೆ ಬದುವಿಗೆ ಬದು ಹತ್ತಿದ ನಾಲ್ಕು ಎಕರೆಯ ಒಡೆಯ. ಯಾರ ಆಳೂ ಅಲ್ಲ, ಯಾರ ಹಂಗಿನವನೂ ಅಲ್ಲ. ಮಾತು ಹಸಿಮೆಣಸಿನಕಾಯಿ, ತಲೆಯ ಮೇಲೆ ಸದಾ ಬಿಳಿ ಪಟಗ. ಊರಿನಲ್ಲಿ ಟ್ರ್ಯಾಕ್ಟರ್ ಹೊಡೆಯಲು ಮೊದಲು ಕಲಿತವನು ಅವನೇ. ಬೈಲಹೊಂಗಲದ ಹತ್ತಿ ವ್ಯಾಪಾರಿಯೊಬ್ಬನ ಟ್ರ್ಯಾಕ್ಟರಿಗೆ ಹೇರು ಹೊತ್ತು ಹೊತ್ತು ಕಲಿತ ವಿದ್ಯೆ.

ಕಾಡಪ್ಪನ ಅಪ್ಪ ಹೊಸ ಟ್ರ್ಯಾಕ್ಟರ್ ತಂದ ವರ್ಷವೇ ತೀರಿಕೊಂಡ. ಮನೆಯಲ್ಲಿ ಉಳಿದವರು ತಾಯಿ ದೇವಕ್ಕ ಮತ್ತು ಇನ್ನೂ ಮೀಸೆ ಸರಿಯಾಗಿ ಮೂಡದ ಕಾಡಪ್ಪ. ಹಿಂಗಾರಿ ಮಳೆ ಬಿತ್ತು, ಕಪ್ಪು ಎರಿಭೂಮಿ ಹದಕ್ಕೆ ಬಂತು. ಎರಿಭೂಮಿಯ ಹದವೆಂದರೆ ಅಳಿಯನ ಸಿಟ್ಟಿದ್ದಂತೆ, ಯಾರಿಗೂ ಕಾಯುವುದಿಲ್ಲ. ನಾಲ್ಕು ದಿನ ತಡವಾದರೆ ಜೋಳ ಅರ್ಧಕ್ಕೆ ಇಳಿಯುತ್ತದೆ. ತಾಯಿ ಮಗ ಹೊಸ ಟ್ರ್ಯಾಕ್ಟರಿನ ಮುಂದೆ ನಿಂತು ಅದರ ಮುಖವನ್ನೇ ನೋಡುತ್ತಿದ್ದಾಗ ಲಗಮಪ್ಪ ಬದು ದಾಟಿ ಬಂದ.

"ಏ ತಮ್ಮಾ, ನಿಂತು ನೋಡಿದ್ರ ತಾನ ಬಿತ್ತತೈತೇನು ಅದು? ಸರಿ ಅತ್ತಾಗ."

ಆ ವರ್ಷ ಕಾಡಪ್ಪನ ಹೊಲವೆಲ್ಲ ಬಿತ್ತಿ ಮುಗಿದ ಮೇಲೆ ಅವನು ತನ್ನ ಹೊಲಕ್ಕೆ ಕೂರಿಗೆ ಹೂಡಿದ. ಮರುವರ್ಷವೂ ಹಾಗೆಯೇ. ಅದರ ಮರುವರ್ಷವೂ. ಕಾಡಪ್ಪನ ಜೋಳ ಎದೆಯುದ್ದ ನಿಂತಾಗ ಲಗಮಪ್ಪನ ಜೋಳ ಸೊಂಟದ ಮಟ್ಟಕ್ಕೆ ತೆನೆ ಕಟ್ಟುತ್ತಿತ್ತು. ಅವನ ಹೆಂಡತಿ ಕರೆವ್ವ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅವನನ್ನು ಕೇಳಿದರಂತೂ, "ನಿಮ್ಮ ಹೊಲದಾಗ ಕೈ ಪಳಗಿಸಿಕೊಂಡೇನಿ, ನನಗ ಲಾಭನ" ಎಂದು ನಗುತ್ತಿದ್ದ.

ಟ್ರ್ಯಾಕ್ಟರ್ ಕಲಿಸಿದ ರೀತಿಯೂ ಅವನದೇ. ಕಾಡಪ್ಪನನ್ನು ಸೀಟಿನಲ್ಲಿ ಕೂರಿಸಿ ತಾನು ಮಡ್ಗಾರ್ಡಿನ ಮೇಲೆ ಕೈಕಟ್ಟಿ ಕೂರುತ್ತಿದ್ದ. ಬದು ಹತ್ತಿರ ಬಂದರೂ, ಗಿಡ ಎದುರಾದರೂ ಸ್ಟೇರಿಂಗಿಗೆ ಕೈ ಹಾಕುತ್ತಿರಲಿಲ್ಲ. ಕಾಡಪ್ಪ ಹೆದರಿ ಕೂಗಿಕೊಂಡರೆ, "ನಾ ಕೈ ಹಾಕಿದ್ರ ನೀ ಕಲಿಯಂಗಿಲ್ಲ. ನೀ ನಡುವ ನೋಡು, ಅಂಚು ನಾ ನೋಡತೇನಿ" ಅನ್ನುತ್ತಿದ್ದ.

ದೇವಕ್ಕ ಅಂದಿನಿಂದ ಮನೆಗೊಂದು ಕಟ್ಟಳೆ ಮಾಡಿದಳು. ಲಗಮಪ್ಪನ ಕೈಗುಣ ದೊಡ್ಡದು. ಈ ಮನೆಯಲ್ಲಿ ಏನು ಶುರುವಾದರೂ ಮೊದಲ ಕೈ ಅವನದು. ಬಿತ್ತನೆಯ ಮೊದಲ ಹಿಡಿ ಬೀಜ ಅವನ ಕೈಯಿಂದ ಕೂರಿಗೆಗೆ ಬೀಳಬೇಕು. ಹೊಸ ಬೋರಿನ ಬಟನ್ ಅವನೇ ಒತ್ತಬೇಕು. ಕಟಾವಿನ ಯಂತ್ರ ಬಂದಾಗಲೂ ಮೊದಲ ಚಾವಿ ತಿರುಗಿಸಿದವನು ಅವನೇ. ದೇವಕ್ಕ ಹೋಗಿ ವರ್ಷಗಳಾದವು, ಕಟ್ಟಳೆ ತಪ್ಪಲಿಲ್ಲ.

ಆ ಹಳೆಯ ಟ್ರ್ಯಾಕ್ಟರಿನ ಸಾಮಾನು ಪೆಟ್ಟಿಗೆಯ ಮುಚ್ಚಳದ ಒಳಗೆ ಲಗಮಪ್ಪ ಒಂದು ಚಿತ್ರ ಅಂಟಿಸಿದ್ದ. ಯಾವುದೋ ಆಯಿಲ್ ಕಂಪನಿಯ ಕ್ಯಾಲೆಂಡರಿನಿಂದ ಕತ್ತರಿಸಿದ್ದು: ನೆಲಕ್ಕೆ ಅಂಟಿಕೊಂಡಂಥ ಹಳದಿ ಕಾರು, ಯಲ್ಲಮ್ಮನ ಭಂಡಾರದ ಬಣ್ಣ. ನಟ್ಟು ಬಿಚ್ಚುವ ಪಾನಾ ತೆಗೆಯುವಾಗಲೆಲ್ಲ ಅದನ್ನು ನೋಡಿ, "ಇದರ ಸ್ಟೇರಿಂಗ್ ಒಮ್ಮೆ ಹಿಡಿಬೇಕಲೇ ಕಾಡ್ಯಾ" ಅನ್ನುತ್ತಿದ್ದ. ಬೇರೆ ಆಸೆಯನ್ನು ಅವನ ಬಾಯಿಂದ ಕಾಡಪ್ಪ ಕೇಳಿದ್ದೇ ಇಲ್ಲ.

ಈಗ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಲಗಮಪ್ಪನಿಗೆ ಹೇಳಿಬಿಟ್ಟಿದ್ದರು. ಕಣ್ಣಿನೊಳಗಿನ ಒತ್ತಡವಂತೆ, ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತದಂತೆ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದು ಎಷ್ಟು ಕಾಲವೋ ಹೇಳಲಾಗದು. ಲಗಮಪ್ಪ ಮನೆಗೆ ಬಂದು ತನ್ನ ಬೈಕಿನ ಚಾವಿಯನ್ನು ಕರೆವ್ವನ ಕೈಗೆ ಕೊಟ್ಟು, "ಇದನ್ನ ಜ್ವಾಳದ ಡಬ್ಬಿಯಾಗ ಹಾಕು" ಅಂದನಂತೆ. ಆ ಮಾತು ಕೇಳಿದ ದಿನವೇ ಕಾಡಪ್ಪ ಕಾರು ಹುಡುಕಲು ಶುರು ಮಾಡಿದ್ದು.

ಪುಣೆಯ ಒಂದು ಅಂಗಡಿಯಲ್ಲಿ ಆ ಚಿತ್ರದ ಜಾತಿಯವೇ ಎರಡು ಹಳೆಯ ಕಾರುಗಳು ಅಕ್ಕಪಕ್ಕ ನಿಂತಿದ್ದವು. ಎರಡೂ ಹಳದಿ. ಬೈಲಹೊಂಗಲದಲ್ಲಿ ಗ್ಯಾರೇಜ್ ಇಟ್ಟಿರುವ ಕಾಂತೇಶನನ್ನು ಜೊತೆಗೆ ಕರೆದುಕೊಂಡು ಹೋಗಿದ್ದ ಕಾಡಪ್ಪ ಮೊದಲ ಮಾತಿಗೇ ಅಂಗಡಿಯವನನ್ನು ಕಕ್ಕಾಬಿಕ್ಕಿ ಮಾಡಿದ.

"ಇದು ಎಷ್ಟು ತಾಸು ಓಡೇತ್ರಿ?"

ಟ್ರ್ಯಾಕ್ಟರಿನ ದುಡಿಮೆಯನ್ನು ತಾಸಿನ ಲೆಕ್ಕದಲ್ಲಿ ಅಳೆಯುತ್ತಾರೆ. ಇವನಿಗೆ ಅದೇ ಲೆಕ್ಕ. ಕಾಂತೇಶ ನಗು ತಡೆದು, "ಇದಕ್ಕ ಕಿಲೋಮೀಟರ್ ನೋಡತಾರ್ರಿ ಕಾಕಾ" ಅಂದ.

ಮೊದಲನೆಯದು ಹನ್ನೆರಡು ವರ್ಷದಲ್ಲಿ ಆರು ಸಾವಿರ ಕಿಲೋಮೀಟರ್ ಕೂಡ ಓಡಿರಲಿಲ್ಲ. ಕೂದಲೆಳೆಯಷ್ಟು ಗೀರಿಲ್ಲ, ಮುಖ ನೋಡಿಕೊಳ್ಳಬಹುದು. ಎರಡನೆಯದು ನಲವತ್ತು ಸಾವಿರ ದಾಟಿತ್ತು. ಮುಂಬಯಿಯ ಒಬ್ಬರು ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತಿದ್ದರಂತೆ. ಮೂತಿಯ ತುಂಬ ಸಣ್ಣ ಕಲ್ಲು ಬಡಿದ ಕಲೆ, ಸಿಡುಬು ಬಂದು ಹೋದ ಮುಖದ ಹಾಗೆ. ಬೆಲೆ ಮಾತ್ರ ಮೊದಲನೆಯದರ ಅರ್ಧಕ್ಕಿಂತ ತುಸು ಮೇಲೆ.

ಕಾಂತೇಶ ಎರಡಕ್ಕೂ ತನ್ನ ಕಂಪ್ಯೂಟರ್ ಹಚ್ಚಿದ, ಹೊಟ್ಟೆಯ ಕೆಳಗೆ ನುಸುಳಿದ, ಟೈರಿನ ಮೇಲಿನ ತಾರೀಖು ಓದಿದ. "ಕಾಕಾ, ಭಾಳ ಓಡಿದ್ದು ಗಟ್ಟಿ ಐತ್ರಿ. ಕ್ಲಚ್ ಹೊಸಾದು, ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗೇತಿ. ಓಡದ ನಿಂತದ್ದರ ರಬ್ಬರ್ ಎಲ್ಲಾ ಬಿರಿಯಾಕ ಹತ್ತೇತಿ. ಖರೇ ಅಂದ್ರ, ನಾಳೆ ಮಾರಾಕ ಹೋದ್ರ ರೇಟ್ ಬರೋದು ನಿಂತದ್ದಕ್ಕ" ಅಂದ.

ಕಾಡಪ್ಪನ ಕಣ್ಣು ಮಾತ್ರ ಗೀರಿಲ್ಲದ ಕಾರನ್ನು ಬಿಟ್ಟು ಕದಲಲೊಲ್ಲದು. ಪೆಟ್ಟಿಗೆಯೊಳಗಿನ ಚಿತ್ರವೇ ಎದ್ದು ಬಂದು ನಿಂತಿದೆ! ಲಗಮಣ್ಣನಿಗೆ ಕೊಡುವುದಾದರೆ ಕಲೆ ಬಿದ್ದದ್ದನ್ನು ಕೊಡುವುದೇ? ಇನ್ನೊಂದಿಷ್ಟು ಹಣ ಹೋದರೆ ಹೋಗಲಿ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವನು ಪ್ರೀತಿಯಿಂದಲೇ ಒಂದು ಬುದ್ಧಿಮಾತು ಹೇಳಿದ. ಸಾಹೇಬರೇ, ಇದನ್ನು ಹೆಚ್ಚು ಓಡಿಸಬೇಡಿ. ಓಡಿದ ಒಂದೊಂದು ಕಿಲೋಮೀಟರಿಗೂ ಇದರ ಬೆಲೆ ಇಳಿಯುತ್ತದೆ. ಹೊದಿಕೆ ಹಾಕಿ ಇಡಿ, ಬಂಗಾರವಿದ್ದ ಹಾಗೆ.

ಕಾಡಪ್ಪ ಮನಸ್ಸಿನಲ್ಲೇ ಮುಂದಿನದನ್ನು ನೋಡಿದ. ಲಗಮಣ್ಣ ಸ್ಟೇರಿಂಗ್ ಹಿಡಿದು ಕೂತಿದ್ದಾನೆ, ತಾನು ಪಕ್ಕದಲ್ಲಿ ಕೂತು ಮೀಟರ್ ನೋಡುತ್ತಿದ್ದಾನೆ. ಆ ಚಿತ್ರ ಕಣ್ಣಿಗೆ ಕಟ್ಟಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೂರು ವರ್ಷ ತನ್ನ ಹೊಲದ ಹದ ಬಿಟ್ಟುಕೊಟ್ಟವನ ಮುಂದೆ ಕಿಲೋಮೀಟರ್ ಎಣಿಸುವುದೇ?

"ಆ ಕಲಿ ಬಿದ್ದದ್ದನ್ನ ಕೊಡ್ರಿ. ದುಡಿದ ಎತ್ತು ಅದು" ಅಂದ.

ಇನ್ನು ಹಣದ ಮಾತು ಮುಗಿದ ಮೇಲೆ ನಡೆದದ್ದನ್ನು ಆ ಅಂಗಡಿಯವನು ಈಗಲೂ ಮಂದಿಗೆ ಹೇಳುತ್ತಿರಬೇಕು. ಕಾರು ಕೊಂಡವರು ಮೊದಲು ಒಳಗೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಮನುಷ್ಯ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರವೇ ನಿಂತ. ಕೂರ್ರಿ ಅಂದರೆ, "ಮದ್ಲ ಮುಟ್ಟೋ ಕೈ ನಮ್ಮ ಊರಾಗ ಐತಿ" ಅಂದ. ಕಾರನ್ನು ದೊಡ್ಡ ಲಾರಿಯ ಮೇಲೆ ಹೇರಿಸಿ, ಊರಿನಲ್ಲಿ ಇಳಿಸುವಾಗಲೂ ಎಂಜಿನ್ ಹಚ್ಚಬಾರದು, ಹಗ್ಗ ಕಟ್ಟಿಯೇ ಇಳಿಸಬೇಕು ಎಂದು ಲಾರಿಯವನಿಂದ ಮಾತು ತೆಗೆದುಕೊಂಡ.

ಹೊಲದ ಪಕ್ಕದಲ್ಲಿ ಗೋವಿನಜೋಳ ಒಣಗಿಸಲು ಕಾಡಪ್ಪ ಹಾಕಿಸಿದ, ಒಂದು ಬದಿಗೆ ಗೋಡೆಯಿರುವ ವಿಶಾಲವಾದ ಸಿಮೆಂಟಿನ ಕಣವಿದೆ. ಹಳದಿ ಕಾರು ಅಲ್ಲಿಯೇ ಇಳಿಯಿತು. ರಾಜೇಶ್ವರಿ ಕಾರಿಗೆ ಕೈ ತಾಗಿಸದೆ ಚಕ್ರಗಳ ಮುಂದೆ ಲಿಂಬೆಹಣ್ಣು ಇಟ್ಟು, ಊದಿನಕಡ್ಡಿ ಬೆಳಗಿ, ಕಾಯಿ ಒಡೆಸಿದಳು. ಊರಿನ ಅರ್ಧ ಜನ ಸುತ್ತ ನಿಂತಿತ್ತು. ಕರೆವ್ವನ ಹೆಗಲ ಮೇಲೆ ಕೈಯಿಟ್ಟುಕೊಂಡು ಲಗಮಪ್ಪ ಬಂದ. ಕಾರಿನ ನೇರಕ್ಕೆ ನಿಂತು, ತಲೆಯನ್ನು ಅತ್ತ ಇತ್ತ ತಿರುಗಿಸಿ, ತುಂಡು ತುಂಡಾಗಿಯೇ ಪೂರ್ತಿ ಕಾರು ನೋಡಿದ.

"ಚಾವಿ ತಗೋ ಲಗಮಣ್ಣ" ಅಂದ ಕಾಡಪ್ಪ.

ಲಗಮಪ್ಪ ಕೈ ಹಿಂದಕ್ಕೆ ಎಳೆದುಕೊಂಡ. "ಹುಚ್ಚದಿಯೇನೋ? ಕಣ್ಣಿದ್ದಾಗ ಕೈಗುಣ ಅಂದ್ರ ನಡೀತಿತ್ತು. ಕಾಣದವನ ಕೈ ಮದ್ಲ ಹತ್ತಿದ್ರ ನಿನ್ನ ಮನಿಗೆ ಕೆಡಕ. ಬ್ಯಾರೆ ಯಾರನ್ನರ ಕರಿ."

"ಬ್ಯಾರೆ ಯಾರೂ ಇಲ್ಲ. ನೀ ಮುಟ್ಟಲಿಲ್ಲಾಂದ್ರ ಇದು ಇಲ್ಲೇ ನಿಲ್ಲತೈತಿ. ಕೋಳಿ ಕುಂತು ತತ್ತಿ ಹಾಕಲಿ."

"ಹಾಕಲಿ! ನನಗೇನು?"

ಇಬ್ಬರೂ ಸೆಟೆದು ನಿಂತರು. ಇಬ್ಬರ ಹಟವೂ ಊರಿಗೆ ಗೊತ್ತಿದ್ದದ್ದೇ. ನಡುವೆ ಬಾಯಿ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಕಾಡಪ್ಪನಿಗೆ ಒಳಗೊಳಗೇ ಅಳು ಬಂತು. ತಡಮಾಡಿಬಿಟ್ಟೆನೇ, ಇವನ ಹದವೂ ಮೀರಿಹೋಯಿತೇ ಅನ್ನಿಸಿತು. ಆಗ ರಾಜೇಶ್ವರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಅಣ್ಣಾರ, ಒಂದು ಮಾತು ಕೇಳತೇನಿ. ಇಷ್ಟು ವರ್ಷ ನಮ್ಮ ಹೊಲದಾಗ ಬಿತ್ತಿದ್ರಿ. ಮಣ್ಣಿನೊಳಗ ಬೀಳೋ ಬೀಜ ನಿಮ್ಮ ಕಣ್ಣಿಗೆ ಕಾಣತಿತ್ತೇನ್ರಿ?"

ಲಗಮಪ್ಪ ಅಂಗೈ ಉಜ್ಜಿಕೊಂಡ.

"ಯಾರಿಗೆ ಕಾಣತೈತವ್ವ? ಕೈಗೆ ಗೊತ್ತಾಗತೈತಿ" ಅಂದ.

"ಅತ್ತಿಯವರು ಮದ್ಲ ಇರಲಿ ಅಂದದ್ದು ನಿಮ್ಮ ಕೈನ. ಕಣ್ಣು ಅಂದಿರಲಿಲ್ಲ."

ಲಗಮಪ್ಪ ಆಮೇಲೆ ಪಟಗ ಬಿಚ್ಚಿ ಕರೆವ್ವನ ಕೈಗೆ ಕೊಟ್ಟ. ಅದನ್ನು ಸುತ್ತಿಕೊಂಡು ಆ ಕಾರಿನೊಳಗೆ ತಲೆ ತೂರಿಸುವುದು ಸಾಧ್ಯವಿರಲಿಲ್ಲ. ಕಾಂತೇಶ ಒಂದು ಕಡೆ, ಕಾಡಪ್ಪ ಒಂದು ಕಡೆ ಹಿಡಿದು ಕೆಳಗೆ ಕೂರಿಸಿದರು. "ಏನಲೇ ಇದು, ಬಾವ್ಯಾಗ ಇಳಿದಂಗಾತು!" ಅಂದ. ಕಾಲಿನಿಂದ ತಡಕಾಡಿ, "ಕ್ಲಚ್ ಎಲ್ಲೈತೋ?" ಎಂದು ಕೇಳಿದ. ಕ್ಲಚ್ ಒಳಗೇ ಇದೆ, ಪೆಡಲ್ ಇಲ್ಲ, ತಾನೇ ಗೇರು ಬದಲಿಸುತ್ತದೆ ಅಂದಾಗ, "ಒಂದು ಕಾಲಿಗೆ ಸೂಟಿ ಕೊಟ್ಟಾರ, ಶಾಣ್ಯಾರು" ಎಂದು ನಕ್ಕ. ಸುತ್ತಲಿನ ಜನವೂ ನಕ್ಕಿತು.

ಚಾವಿ ತಿರುಗಿತು. ಎಂಜಿನ್ನಿನ ಗುಡುಗು ಕಣದ ನೆಲದಿಂದ ಎಲ್ಲರ ಪಾದಕ್ಕೂ ಹತ್ತಿತು. ಹಿಂದೆ ನಿಂತವರು ಹೌಹಾರಿ ಸರಿದರು. ಲಗಮಪ್ಪ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕಣ್ಣು ಮುಚ್ಚಿ ಕೇಳಿದ.

"ಎಷ್ಟು ಓಡೇತಿ ಇದು?"

"ನಲವತ್ತು ಸಾವಿರದ ಮ್ಯಾಲ. ಅದಕ್ಕ ಸೋವಿ ಸಿಕ್ತು. ಕಲಿ ಬಿದ್ದಾವ, ಬ್ಯಾಸರ ಮಾಡ್ಕೋಬ್ಯಾಡ."

"ಬ್ಯಾಸರ ಯಾಕ? ಯಾವನೋ ಪುಣ್ಯಾತ್ಮ ದಿನಾ ಹೊಡೆದು ಬೆಲಿ ಇಳಿಸ್ಯಾನ. ಅವ ಮುಚ್ಚಿಟ್ಟಿದ್ರ ನಮ್ಮ ಕಣಕ್ಕ ಬರತಿತ್ತೇನೋ ಇದು? ಅವನ ಹೊಟ್ಟಿ ತಣ್ಣಗಿರಲಿ."

ಕಾಡಪ್ಪ ಸುತ್ತಿ ಬಂದು ಪಕ್ಕದಲ್ಲಿ ಕೂತ. ಕಾರು ಮೆಲ್ಲಗೆ ಹೊರಟಿತು. ಹಿಂದಿನ ಕಾಲದಲ್ಲಿ ಕಣದ ನಡುವಿನ ಮೇಟಿ ಕಂಬಕ್ಕೆ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ಸುತ್ತುತ್ತಿದ್ದ ನಡಿಗೆಯಲ್ಲೇ ಆ ಹಳದಿ ಕಾರು ಸುತ್ತು ಹಾಕತೊಡಗಿತು. ಮೂಲೆ ಹತ್ತಿರ ಬಂದಾಗ ಕಾಡಪ್ಪನ ಕೈ ತಾನಾಗಿ ಸ್ಟೇರಿಂಗಿನ ಕಡೆ ಹೋಯಿತು. ಲಗಮಪ್ಪ ಅದರ ಮೇಲೆ ಚಟ್ಟನೆ ಹೊಡೆದ.

"ಕೈ ತಗಿ. ನಡುವ ಇನ್ನೂ ಕಾಣತೈತಿ ನನಗ. ಅಂಚು ನೀ ನೋಡು."

ಕಾಡಪ್ಪ ಕೈಕಟ್ಟಿ ಕೂತ. "ಎಡಕ್ಕ ತಗೋ ಅಣ್ಣಾ... ಇನ್ನೊಂದೀಟು... ಹಾಂ, ಈಗ ನೆಟ್ಟಗ." ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಇಷ್ಟು ವರ್ಷ ಆಡಲಾಗದ ಮಾತು ತಾನೇ ಹೊರಗೆ ಬಂತು. "ನಿನ್ನ ಜ್ವಾಳ ಗಿಡ್ಡ ನಿಂತದ್ದು ನಾ ನೋಡೇನಿ ಲಗಮಣ್ಣ. ಮೂರು ವರ್ಷಾನೂ ನೋಡೇನಿ. ನೀ ಇರಲಿಲ್ಲಾಂದ್ರ ನಾವು ಇರತಿರಲಿಲ್ಲ."

ಲಗಮಪ್ಪ ಅರ್ಧ ಸುತ್ತು ಹೊಡೆದ. ಆಮೇಲೆ ಗದರಿದ.

"ಅಂಚು ನೋಡಂದ್ರ ಅಳತಾನ! ಇಬ್ಬರಿಗೂ ಕಾಣದಂಗಾದ್ರ ಗ್ವಾಡಿಗೆ ಹೋಗತೀವಲೇ, ಕಣ್ಣು ಒರಸ್ಕೋ."

ಕಾಡಪ್ಪ ಟಾವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡು ಅಂಚು ನೋಡತೊಡಗಿದ.