ಕಂಪ್ಯೂಟರಿನ ಅಮಾವಾಸ್ಯೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗುಂಡ್ಲುಪೇಟೆಯ ಒಂದು ಈರುಳ್ಳಿ ಮಂಡಿಯಲ್ಲಿ ಕಂಪ್ಯೂಟರ್ ಆಪರೇಟರ್. ಕಂಪ್ಯೂಟರ್ ಬಂದಮೇಲೆ ನಮ್ಮ ರಜೆಗಳೂ ಅದರೊಳಗೆ ಸೇರಿಕೊಂಡವು. ಮೈಸೂರಿನ ಹೆಡ್ಡಾಫೀಸಿನವರು ಇ-ಮೇಲ್ ಪ್ರೋಗ್ರಾಮಿನ ಕ್ಯಾಲೆಂಡರಿಗೆ ಹಾಕಿದ್ದೇ ರಜೆ. ಯಾರೋ ಪುಣ್ಯಾತ್ಮ ಮಹಾಲಯ ಅಮಾವಾಸ್ಯೆಯನ್ನು ಒಂದು ತಾರೀಕಿಗೆ ಹಾಕಿ, 'ಪ್ರತಿ ವರ್ಷ' ಎಂದು ಒತ್ತಿಬಿಟ್ಟಿದ್ದ. ಅಮಾವಾಸ್ಯೆ ಏನು ಇಂಗ್ಲಿಷ್ ತಾರೀಕು ಕೇಳಿಕೊಂಡು ಬರುತ್ತದೆಯೇ? ಮರುವರ್ಷ ಅಮಾವಾಸ್ಯೆಗೆ ಎಷ್ಟೋ ದಿನ ಮೊದಲೇ ಮಂಡಿಗೆ ರಜೆ ಬಂತು. ನಾವೆಲ್ಲ ಮನೆಯಲ್ಲಿ ಸುಮ್ಮನೆ ಕೂತೆವು.

ಪಂಚಾಂಗ ನೋಡಿ ನಾನು ಹಳೆಯದನ್ನು ಅಳಿಸಿ, ಸರಿಯಾದ ದಿನಕ್ಕೆ ರಜೆ ಹಾಕಿದೆ. ಫೋನ್ ಲೈನಿನಲ್ಲಿ ಮೈಸೂರಿಗೆ ಕನೆಕ್ಟ್ ಆದ ಕೂಡಲೇ ನನ್ನದು ಮಾಯ, ಹಳೆಯದು ಹಾಜರ್. ಮತ್ತೆ ಅಳಿಸಿದೆ, ಮತ್ತೆ ಬಂತು. ದರಿದ್ರದ ಯಂತ್ರ.

ನಮ್ಮ ಗೋಡೌನ್ ನೋಡಿಕೊಳ್ಳುತ್ತಿದ್ದವರನ್ನು ಮಂಡಿಯಲ್ಲಿ ಎಲ್ಲರೂ ಅಣ್ಣ ಎನ್ನುತ್ತಿದ್ದೆವು; ಪಕ್ಕದ ಹಂಗಳದವರು. ಆ ಬೇಸಿಗೆಯಲ್ಲಿ ಅವರ ಆರು ವರ್ಷದ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಈ ಅಮಾವಾಸ್ಯೆಗೆ ಅವಳಿಗೆ ಮೊದಲ ಎಡೆ.

"ಮಗೀಗ ಎಡ ಇಕ್ಬೇಕು ಕಣಪ್ಪಾ. ಎಂಗಾರ ಮಾಡಿ ಆ ಡಬ್ಬಕ್ಕ ವಸಿ ಬುದ್ಧಿ ಏಳು" ಎಂದರು.

ಊರಿಗೆ ಹೊಸಬರಾದ ಮ್ಯಾನೇಜರ್ ಒಪ್ಪಲಿಲ್ಲ. "ಆ ರಜೆ ಆಗಲೇ ಕೊಟ್ಟಾಯ್ತಲ್ಲ. ವರ್ಷಕ್ಕೆ ಎರಡು ಮಹಾಲಯ ಎಲ್ಲಿಂದ ತರ್ಲಿ? ಅವತ್ತು ಕೇರಳದ ಲಾರಿ ಬೇರೆ ಲೋಡಾಗ್ಬೇಕು." ಅವರ ಮಾತು ಮೀರಿ ಊರಿಗೆ ಹೋದರೆ ಅಣ್ಣನ ಕೆಲಸ ಹೋಗುತ್ತಿತ್ತು.

ಅಮಾವಾಸ್ಯೆಯ ದಿನ ಬೆಳಗಿನಿಂದ ಮೈಸೂರಿಗೆ ಫೋನ್ ಮಾಡುತ್ತಾ ಕೂತೆ. ಲೈನ್ ಸಿಕ್ಕರೆ ಕ್ಯಾಲೆಂಡರ್ ನೋಡಿಕೊಳ್ಳುವ ಮನುಷ್ಯ ಸೀಟಿನಲ್ಲಿಲ್ಲ. ಸಂಜೆ ಸಿಕ್ಕಿದ. ಮೂಲ ಇದ್ದದ್ದು ಅವನ ಕಂಪ್ಯೂಟರಿನಲ್ಲಿ. ನಾನು ಇಲ್ಲಿ ಎಷ್ಟು ಅಳಿಸಿದರೂ ಅಲ್ಲಿಂದ ಇಳಿದು ಬರುತ್ತಿತ್ತು. ಅವನು 'ಪ್ರತಿ ವರ್ಷ' ತೆಗೆದು, ಅವತ್ತಿನ ದಿನಕ್ಕೇ ರಜೆ ಹಾಕಿದ. ಪರದೆಯನ್ನು ನೋಡಿ ಮ್ಯಾನೇಜರ್, "ಸರಿ, ಹೊರಡಿ" ಎಂದರು. ಹೊತ್ತು ಮುಳುಗುತ್ತಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಅಣ್ಣನನ್ನು ಬೈಕಿನಲ್ಲಿ ಕೂರಿಸಿಕೊಂಡು ಹಂಗಳಕ್ಕೆ ಹೋದೆ.

ಅವರ ಹೆಂಡತಿ ಜಗುಲಿಯ ಮೇಲೆ ಕೂತಿದ್ದರು, ಬಾಗಿಲು ಮುಚ್ಚಿತ್ತು. ನಮ್ಮ ಕಡೆ ಹಾಗೆಯೇ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದಕ್ಕೆ ಮಾಡಿ, ಅವರು ಉಣ್ಣಲಿ ಎಂದು ಎಲ್ಲರೂ ಹೊರಗೆ ಇರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ ಬಾಗಿಲು ತಟ್ಟಿ, ತೆರೆದು ಒಳಗೆ ಹೋಗುತ್ತಾನೆ.

"ಕಾದೂ ಕಾದೂ ನಾನೇ ಇಕ್ಬುಟ್ಟೆ" ಎಂದರು ಆಕೆ. "ಬಾಗ್ಲ ಮಾತ್ರ ತಗೀನಿಲ್ಲ. ಆಗ್ಲಿಂದ ಮಗಿ ಒಬ್ಳೇ ಒಳ್ಗವ್ಳ. ನೀವೇ ಕರೀರಿ."

ಅಣ್ಣ ಚಪ್ಪಲಿ ಬಿಟ್ಟು, ಮೆಲ್ಲಗೆ ಬಾಗಿಲು ತಟ್ಟಿದರು.

"ಅಪ್ಪ ಬಂದೀನಿ ಕಣಮ್ಮಿ. ತಡ ಆಗೋಯ್ತು."

ತಳ್ಳಿದರೆ ತೆರೆದುಕೊಳ್ಳುವ ಬಾಗಿಲು. ಅವರು ತಳ್ಳಲಿಲ್ಲ. ಮಗಳೇ ಒಳಗಿನಿಂದ ತೆಗೆಯಲಿ ಎಂದು ನಿಂತೇ ಇದ್ದರು.